ಮೈದಾನದ ನಡುವೆ ಸಾರಿಸಿದ ಕಣ

ಹೋದ ವರ್ಷದ ಬೇಸಿಗೆಯಲ್ಲಿ, ನಮ್ಮ ಬೈಲಹೊಂಗಲದ ಮೈದಾನದಲ್ಲಿ, ಮುನವಳ್ಳಿಯ ಒಬ್ಬ ಹುಡುಗನ ಕಣ್ಣಿನ ಕೆಳಗೆ ಚೆಂಡು ಬಡಿಯಿತು. ಆ ಚೆಂಡನ್ನು ಎಸೆದವನು ಬೇರೆ, ಬಡಿಸಿಕೊಂಡವನು ಬೇರೆ. ಆದರೆ ಅದು ಬಿದ್ದು ಪುಟಿದ ನೆಲ ನನ್ನ ಯಜಮಾನರದು. ಅವರದು ಅಂದರೆ ಅವರ ಹೆಸರಿಗೆ ಇದೆ ಅಂತಲ್ಲ. ಮೈದಾನ ಒಂದು ಸಾಲೆಗೆ ಸೇರಿದ್ದು. ನಮ್ಮೂರ ಕ್ರಿಕೆಟ್ ಕ್ಲಬ್ಬಿನವರು ಅಲ್ಲಿ ಆಡುತ್ತಾರೆ. ನಡುವೆ ಚೆಂಡು ಎಸೆಯುವ ಉದ್ದನೆಯ ಪಟ್ಟಿ ಇರುತ್ತದಲ್ಲ, ಪಿಚ್ ಅನ್ನುವುದು, ಅದಕ್ಕೆ ನೀರು ಹಾಕಿ ರೋಲರ್ ಎಳೆದು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಾ ಬಂದವರು ಇವರು.

ಇವರಿಗೆ ಹಿಟ್ಟಿನ ಗಿರಣಿ ಇದೆ. ಬೆಳಗಿನಿಂದ ಸಂಜೆಯವರೆಗೆ ಜೋಳ, ಗೋಧಿ ಬೀಸುತ್ತಾರೆ. ಹಿಟ್ಟನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, ಕಲ್ಲು ಇನ್ನೆಷ್ಟು ಬಿಗಿಯಾಗಬೇಕು ಎಂದು ಹೇಳುತ್ತಾರೆ. ಮಾತು ಕಡಿಮೆ. ಮೊದಲು ತಾವೂ ಆಡುತ್ತಿದ್ದರು. ಮೊಣಕಾಲು ನೋಯಲು ಹತ್ತಿದ ಮೇಲೆ ಆಟ ಬಿಟ್ಟು ನೆಲದ ಕೆಲಸ ಹಿಡಿದರು. ಏಪ್ರಿಲ್, ಮೇ ಎರಡು ತಿಂಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರಿನ ಕ್ಲಬ್ಬುಗಳು ಭಾನುವಾರಕ್ಕೊಂದು ಪಂದ್ಯದಂತೆ ಆಡುತ್ತವೆ. ಗುಮಾಸ್ತರು, ಮಾಸ್ತರರು, ಹೊಲದವರು, ಅಂಗಡಿಯವರು ಎಲ್ಲಾ ಬಿಳಿ ಪ್ಯಾಂಟು ಹಾಕಿಕೊಂಡು ಬಿಸಿಲಿನಲ್ಲಿ ನಿಲ್ಲುತ್ತಾರೆ. ಲಗ್ನವಾಗಿ ಬಂದಾಗಿನಿಂದ ನಾನು ಈ ಲೀಗಿನ ಸುದ್ದಿ ಕೇಳಿದ್ದೆನೇ ಹೊರತು ಒಂದು ದಿನವೂ ಹೋಗಿ ನೋಡಿರಲಿಲ್ಲ. ಆ ಪ್ಯಾಂಟಿನ ಮಣ್ಣು ತೊಳೆಯುವುದಷ್ಟೇ ನನಗೆ ಬಂದ ಪಾಲು.

ಆ ಭಾನುವಾರ ಇವರು ಮನೆಗೆ ಬಂದಾಗ ಹೆಗಲ ಮೇಲಿನ ಟವೆಲ್ಲಿನಲ್ಲಿ ರಕ್ತವಿತ್ತು. ನನ್ನ ಜೀವ ಹಾರಿತು. ತಮ್ಮದಲ್ಲ ಎಂದರು. ಎರೆಮಣ್ಣಿನ ನೆಲ, ಬಿಸಿಲಿಗೆ ಬಿರಿದಿತ್ತು. ಮೇಲೆ ನಾರಿನ ಮ್ಯಾಟು ಹಾಸಿದ್ದರು. ಮ್ಯಾಟಿನ ಕೆಳಗಿನ ಬಿರುಕು ಆಡುವವರ ಕಣ್ಣಿಗೆ ಕಾಣಲಿಲ್ಲ, ಚೆಂಡಿಗೆ ಸಿಕ್ಕಿತು. ಸವದತ್ತಿ ಕ್ಲಬ್ಬಿನ ಪರವಾಗಿ ಆಡುತ್ತಿದ್ದ ಆ ಮುನವಳ್ಳಿಯ ಹುಡುಗ, ಹುಡುಗ ಅಂದರೂ ಇಪ್ಪತ್ಮೂರು ವಯಸ್ಸಿನವನು, ಹೊಟ್ಟೆಯ ಮಟ್ಟಕ್ಕೆ ಬರುತ್ತದೆ ಎಂದುಕೊಂಡ ಚೆಂಡು ನೆಟ್ಟಗೆ ಮುಖಕ್ಕೆ ಬಂತು. ಕೆನ್ನೆಯ ಎಲುಬು ಸೀಳಿತು. ಅರ್ಧ ಬೆರಳು ಮೇಲೆ ಬಡಿದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ದಿನಾ ಸಂಜೆ ದೀಪ ಹಚ್ಚುವಾಗ ಅಂದು ದೇವರು ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ದೊಡ್ಡದೇನೂ ಇರುವುದಿಲ್ಲ. ಹಾಲು ಒಡೆಯಲಿಲ್ಲ, ನಳಕ್ಕೆ ನೀರು ಬಂತು, ಅತ್ತೆಯವರ ಕೆಮ್ಮು ಒಂದು ತಾಸು ಸುಮ್ಮನಿತ್ತು. ಆ ಸಂಜೆ ನೆನೆಯಲು ಆ ಅರ್ಧ ಬೆರಳು ಒಂದೇ ಇತ್ತು. ಅದನ್ನೇ ಶಿವನ ಮುಂದಿಟ್ಟು ಕೈಮುಗಿದೆ.

ಇವರಿಗೆ ಮಾತ್ರ ಅದು ಸಮಾಧಾನ ಕೊಡಲಿಲ್ಲ. ಎರಡು ಸಲ ಮುನವಳ್ಳಿಗೆ ಹೋಗಿ ಬಂದರು. ಹುಡುಗನ ತಾಯಿ ಚಹಾ ಮಾಡಿ ಮುಂದೆ ಇಟ್ಟರಂತೆ, ಒಂದು ಮಾತೂ ಆಡಲಿಲ್ಲವಂತೆ. ಹುಡುಗನೇ ಬಸ್ ನಿಲ್ದಾಣದವರೆಗೆ ಬಂದು, ನಿಮ್ಮ ತಪ್ಪಿಲ್ಲ ಅಣ್ಣಾ ಎಂದು ಕಳಿಸಿದನಂತೆ. ಅವನ ಮಾತಿಗಿಂತ ಆ ತಾಯಿಯ ಸುಮ್ಮನಿರುವಿಕೆಯೇ ಇವರ ಜೊತೆ ಮನೆಗೆ ಬಂತು. ವರ್ಷವಿಡೀ ಊಟಕ್ಕೆ ಕುಳಿತಾಗ ಅದೂ ಬಂದು ಎದುರಿಗೆ ಕುಳಿತಂತೆ ಇತ್ತು.

ಈ ವರ್ಷದ ಪಂದ್ಯಗಳ ಪಟ್ಟಿ ಬಂದಾಗ ನೋಡಿದರೆ, ಸವದತ್ತಿಯವರ ಜೊತೆಗಿನ ಪಂದ್ಯ ಮತ್ತೆ ನಮ್ಮ ಮೈದಾನದಲ್ಲೇ. ಆ ಹುಡುಗ ಆಡುತ್ತಾನೆ ಎಂದು ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಸುದ್ದಿ: ಅವನ ತಾಯಿಯೂ ಬರುತ್ತಾಳೆ, ನಾನು ಬದಿಗೆ ಕುಂತರೆ ಮಾತ್ರ ನೀನು ಆ ನೆಲದ ಮೇಲೆ ಕಾಲಿಡಬೇಕು ಎಂದು ಮಗನಿಗೆ ಹೇಳಿದ್ದಾಳೆ. ಇವರು ಅದನ್ನು ಕೇಳಿ ಬಂದು ಗಿರಣಿಯ ಬಾಗಿಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ಈ ಸಲ ಆ ಹುಡುಗನ ಕೂದಲು ಕೊಂಕಿದರೂ ಇವರು ಮತ್ತೆ ತಲೆ ಎತ್ತಿ ಓಡಾಡುವವರಲ್ಲ ಎಂಬುದು ನನಗೆ ಗೊತ್ತಿತ್ತು.

ಪಂದ್ಯಕ್ಕೆ ಹತ್ತು ದಿನ ಇರುವಾಗ ಅಕಾಲದ ಮಳೆಯೊಂದು ಬಿತ್ತು. ಆಮೇಲೆ ಮೂರು ದಿನ ಸುಡುವ ಬಿಸಿಲು. ಸೋಮವಾರ ಬೆಳಗ್ಗೆ ಇವರು ನನ್ನ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಮೈದಾನಕ್ಕೆ ಹೋದರು. ಬಂದು ಆ ಕಡ್ಡಿಯನ್ನು ನನಗೆ ತೋರಿಸಿದರು. ಗೇಣುದ್ದದ ಕಡ್ಡಿಗೆ ತುದಿಯಿಂದ ಅರ್ಧದವರೆಗೆ ಕರಿಮಣ್ಣು ಹತ್ತಿತ್ತು. ಅಷ್ಟು ಆಳ ಬಿರಿದಿದೆ, ಈ ಸಲ ಮ್ಯಾಟು ಹಾಸಿ ಮುಚ್ಚುವುದಿಲ್ಲ, ಪಂದ್ಯ ಬೇಡ ಎಂದು ಹೇಳಿಬಿಡುತ್ತೇನೆ ಎಂದರು. ಹೇಳಿದರೆ ಲೀಗಿನವರು ಮತ್ತೆ ನಮ್ಮೂರಿಗೆ ಪಂದ್ಯ ಕೊಡುವುದಿಲ್ಲ. ಕ್ಲಬ್ಬಿನ ಹುಡುಗರು ಏನಂದಾರು ಎಂಬುದೂ ಇವರಿಗೆ ಗೊತ್ತು.

ನಾನು ರೊಟ್ಟಿ ಬಡಿಯುತ್ತಿದ್ದೆ. ಯೋಚನೆ ಮಾಡಿ ಹೇಳಿದ ಮಾತಲ್ಲ, ಕೈ ಕೆಲಸ ಮಾಡುವಾಗ ಬಾಯಿಗೆ ಬಂದದ್ದು.

"ನಮ್ಮ ತವರಮನಿ ಕಣಾನೂ ಎರಿಮಣ್ಣಿಂದ ಇತ್ರಿ. ಅದೆಂದೂ ಬಿರಿತಿದ್ದಿಲ್ಲ."

ಇವರ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ನಿಂತಿತು. "ಯಾಕ ಬಿರಿತಿದ್ದಿಲ್ಲ?"

ಯಾಕೆ ಎಂಬುದು ನನಗೂ ಗೊತ್ತಿರಲಿಲ್ಲ. ನನ್ನ ತವರು ದೊಡವಾಡ. ನಾನು ಸಣ್ಣವಳಿದ್ದಾಗ ಸುಗ್ಗಿಗೆ ಮೊದಲು ಹೊಲದಲ್ಲಿ ಒಂದು ದುಂಡನೆಯ ಜಾಗ ಅಗೆದು, ತುಳಿದು, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿಕಂಬ ನೆಟ್ಟು, ಅದರ ಸುತ್ತ ಎತ್ತು ತಿರುಗಿಸಿ ತೆನೆ ತುಳಿಸುತ್ತಿದ್ದರು. ಎರಡು ತಿಂಗಳು ಎತ್ತಿನ ಗೊರಸು ಬಿದ್ದರೂ ಆ ನೆಲ ಒಡೆಯುತ್ತಿರಲಿಲ್ಲ, ಒಂದು ಕಾಳೂ ಸಂದಿಯಲ್ಲಿ ಇಳಿಯುತ್ತಿರಲಿಲ್ಲ. ಈಗ ಹೊಲಕ್ಕೇ ಯಂತ್ರ ಬರುತ್ತದೆ, ದೊಡವಾಡದಲ್ಲಿ ಕಣ ಮಾಡಿ ಎಷ್ಟೋ ವರ್ಷವಾಯಿತು. ಮಾಡಲು ಬಲ್ಲವರಲ್ಲಿ ನಮ್ಮ ಅವ್ವ ಒಬ್ಬಳು ಉಳಿದಿದ್ದಾಳೆ. ಅವ್ವನಿಗೆ ಫೋನ್ ಮಾಡಿದೆವು.

ಮರುದಿನ ಮೊದಲ ಬಸ್ಸಿಗೇ ಬಂದಳು. ಮನೆಗೆ ಬಂದು ನೀರು ಕುಡಿದವಳೇ ಎಲ್ಲಿ ನಿಮ್ಮ ಕಣ ಎಂದು ಕೇಳಿದಳು. ನಾನೂ ಅವಳ ಹಿಂದೆ ನಡೆದೆ. ಆ ಮೈದಾನಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಅಷ್ಟಗಲ ಬಯಲು, ನಟ್ಟನಡುವೆ ಈ ಬಿರಿದ ಪಟ್ಟಿ. ಅವ್ವ ಚಪ್ಪಲಿ ಬಿಟ್ಟು ಆ ತುದಿಯಿಂದ ಈ ತುದಿಗೆ ನಡೆದು ನೋಡಿದಳು. ಕ್ಲಬ್ಬಿನ ಕ್ಯಾಪ್ಟನ್, ಒಬ್ಬ ಎತ್ತರದ ಆಳು, ಇನ್ನಿಬ್ಬರೊಂದಿಗೆ ಬಂದು ನಿಂತಿದ್ದ.

"ಅಳ್ಯಾರ, ಇದು ಕಣ ಅಲ್ಲ, ಓಣಿ ಐತಿ," ಎಂದಳು ಅವ್ವ. "ಇದರಾಗ ಎತ್ತು ಹೆಂಗ ತಿರಗಬೇಕ್ರಿ?"

"ಎತ್ತ ಇಲ್ಲಬೇ ಆಯಿ, ನಾವ ಅದೀವಿ," ಎಂದ ಕ್ಯಾಪ್ಟನ್.

ಅವ್ವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಹಂಗಾರ ಚಲೋ ಆತು. ನಾಳೆ ಬರ್ರಿ ಎಲ್ಲಾರೂ."

ಅವ್ವ ಹೇಳಿದ ಹಾಗೆ ಪಟ್ಟಿಯನ್ನು ಗೇಣು ಆಳ ಅಗೆದರು. ಹೆಂಟೆ ಒಡೆದು ಪುಡಿ ಮಾಡಿದರು. ಅದಕ್ಕೆ ಹುತ್ತದ ಮಣ್ಣು ಬೆರೆಸಬೇಕು ಎಂದಳು, ಅದರ ಅಂಟಿನಿಂದಲೇ ಕಣ ಬಿರಿಯುವುದಿಲ್ಲವಂತೆ. ಆದರೆ ಹುತ್ತಕ್ಕೆ ಗುದ್ದಲಿ ಹಾಕಲು ಬಿಡುವವಳಲ್ಲ, ನಾನೂ ಒಪ್ಪುವವಳಲ್ಲ. ಮಳೆಗೆ ತಾನಾಗಿ ಕುಸಿದ ಹುತ್ತ ಹುಡುಕಬೇಕಾಯಿತು. ಊರ ಹೊರಗಿನ ಒಂದು ಬದುವಿನಲ್ಲಿ ಸಿಕ್ಕಿತು. ಹಾಲೆರೆದು, ನಾಗಪ್ಪಾ ತಪ್ಪಾಯಿತು ಎಂದು ಕೈಮುಗಿದು, ಬಿದ್ದ ಮಣ್ಣನ್ನಷ್ಟೇ ಬುಟ್ಟಿಗೆ ತುಂಬಿದೆವು. ಪಂದ್ಯವನ್ನೇ ನಿಲ್ಲಿಸುವಂತೆ ಬಂದ ಅದೇ ಮಳೆ, ಹುತ್ತವನ್ನೂ ಕೆಡವಿ ಇಟ್ಟಿತ್ತು. ಅಂದು ದೀಪದ ಮುಂದೆ ನೆನೆಯಲು ನನಗೆ ಸಾಕಷ್ಟಿತ್ತು.

ಆಮೇಲೆ ತುಳಿಯುವುದು. ನೀರು ಹಾಕಿ ಕಲಸಿದ ಮಣ್ಣಿನ ಮೇಲೆ ಕ್ಲಬ್ಬಿನವರು ಪ್ಯಾಂಟು ಮಡಚಿ, ಹೆಗಲಿಗೆ ಹೆಗಲು ಹಚ್ಚಿ ಸಾಲಾಗಿ ನಿಂತು ಆ ತುದಿಗೂ ಈ ತುದಿಗೂ ತುಳಿದರು. ಬ್ಯಾಂಕಿನವನೊಬ್ಬ, ಔಷಧ ಅಂಗಡಿಯವನೊಬ್ಬ, ಎಲ್ಲರೂ. ಅವ್ವ ಬದಿಗೆ ಕುಳಿತು ಎಡಗಡೆಯ ಗಿಡ್ಡ ಎತ್ತು ಮೈಗಳ್ಳ ಐತಿ ಎಂದಾಗ, ಔಷಧ ಅಂಗಡಿಯವನಿಗೆ ಅಲ್ಲಿಂದ ಮುಂದೆ ಅದೇ ಹೆಸರಾಯಿತು. ಇವರು ಮಾತ್ರ ನಗಲಿಲ್ಲ. ಮಣ್ಣಿನ ಉಂಡೆ ಕಟ್ಟಿ, ಒಡೆದು, ಎರಡು ಬೆರಳಿನ ನಡುವೆ ತಿಕ್ಕಿ ನೋಡುತ್ತಲೇ ಇದ್ದರು. ಗುರುವಾರ ರೋಲರ್ ಎಳೆದರು. ಶುಕ್ರವಾರಕ್ಕೆ ಸಗಣಿ ಸಾರಿಸುವುದು ಉಳಿಯಿತು.

ಅದು ಹೆಂಗಸರ ಕೆಲಸ. ನಾನು, ಅವ್ವ, ನಮ್ಮ ಓಣಿಯ ನಾಲ್ಕು ಮಂದಿ ಸೇರಿ ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಬಕೆಟ್ಟು ಹಿಡಿದು ಹೋದೆವು. ಇವರು ಗಿರಣಿಯಲ್ಲಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತು, ಹಿಂದೆ ಸರಿಯುತ್ತಾ ಸಾರಿಸಿದೆವು. ಕೈ ತನ್ನಷ್ಟಕ್ಕೆ ಓಡುತ್ತದೆ, ಕಲಿಸಬೇಕಾಗಿಲ್ಲ. ಎಡದಿಂದ ಬಲಕ್ಕೆ ಒಂದು ಕಮಾನು, ಅದರ ಕೆಳಗೆ ಇನ್ನೊಂದು, ಮತ್ತೊಂದು. ಮುಗಿಸಿ ಎದ್ದು ನೋಡಿದರೆ, ಇಡೀ ಪಟ್ಟಿ ಮೀನಿನ ಮೈಯ ಹಾಗೆ ಕಮಾನು ಕಮಾನಾಗಿ ಹೊಳೆಯುತ್ತಿತ್ತು. ನಮ್ಮ ಮನೆಯ ಪಡಸಾಲೆಯನ್ನೂ ಅಷ್ಟು ಚೆಂದ ಸಾರಿಸಿದ್ದಿಲ್ಲ. ನಾವು ಕಾಕು ಎಂದು ಕರೆಯುವ ಓಣಿಯ ಒಬ್ಬ ಹಿರಿಯಳು, ರಂಗೋಲಿ ಹಿಟ್ಟು ತಂದಿದ್ದರೆ ಎಳೆ ಎಳೆಯುತ್ತಿದ್ದೆ ಎಂದಳು.

ಐದು ಗಂಟೆಗೆ ಇವರು ಬಂದರು. ನೋಡಿದರು. ಒಂದು ತುದಿಗೆ ಹೋಗಿ, ನೆಲದ ಮೇಲೆ ಬೋರಲಾಗಿ ಮಲಗಿ, ಕೆನ್ನೆಯನ್ನು ಮಣ್ಣಿಗೆ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಿದರು. ಇಪ್ಪತ್ತು ವರ್ಷದಿಂದ ಪಿಚ್ಚನ್ನು ಹೀಗೇ ನೋಡುತ್ತಾರೆ ಎಂದು ನನಗೆ ಅಂದು ಗೊತ್ತಾಯಿತು. ಎದ್ದು ನನ್ನನ್ನು ಕರೆದರು. ನಾಲ್ಕು ಮಂದಿಯ ಮುಂದೆ ಮಲಗುವುದು ಹೇಗೆ? ಮೊಣಕಾಲೂರಿ, ದೇವರ ಮುಂದೆ ಬಾಗಿದ ಹಾಗೆ ತಲೆ ನೆಲಕ್ಕೆ ತಂದು ನೋಡಿದೆ.

ಇಳಿಬಿಸಿಲು ಅಡ್ಡಲಾಗಿ ಬೀಳುತ್ತಿತ್ತು. ನಿಂತು ನೋಡಿದಾಗ ನುಣ್ಣಗಿದ್ದ ನೆಲ ಅಲ್ಲಿಂದ ಬೇರೆಯೇ ಆಗಿತ್ತು. ಪ್ರತಿಯೊಂದು ಕಮಾನಿನಲ್ಲೂ ನಾಲ್ಕು ಬೆರಳಿನ ನಾಲ್ಕು ಏರು, ಏರಿಗೊಂದು ನೆರಳು. ಆ ತುದಿಯವರೆಗೆ ಸಾವಿರ ಸಣ್ಣ ತೆರೆಗಳು ಎದ್ದು ನಿಂತಂತೆ ಕಂಡಿತು. ಎಲ್ಲಾ ನಮ್ಮ ಕೈಯಿಂದಲೇ ಆದದ್ದು.

"ಚೆಂಡು ಇದರ ಮ್ಯಾಲ ಬಿದ್ದರ ಎತ್ತ ತಿರಗತೈತೋ ಎಸದಾಂವಗೂ ಗೊತ್ತಾಗಂಗಿಲ್ಲ," ಎಂದರು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಮ್ಮ ಕೈ ತಿರುಗುವುದೇ ಹಾಗೆ, ನಾವೇನು ಮಾಡೋಣ ಎಂದು ಕಾಕು ಗೊಣಗಿದಳು. ನನಗೆ ಆ ಹುಡುಗನ ಮುಖ ಕಣ್ಣ ಮುಂದೆ ಬಂತು, ನೋಡದ ಮುಖ. ಹೋದ ವರ್ಷದ ಬಿರುಕು ದೇವರು ಮಾಡಿದ್ದು, ಬಿಸಿಲು ಮಾಡಿದ್ದು. ಈ ಏರು ಮಾತ್ರ ನಾನು ಮಾಡಿದ್ದು. ಅಳು ಬಂತು.

ಅವ್ವ ಬಗ್ಗಿ ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿದಳು. "ಇನ್ನಾ ಹಸೀ ಐತಿ. ಒಣಗಿದ ಮ್ಯಾಲ ಅಳಬೇಕವ್ವಾ, ಈಗ್ಯಾಕ ಅಳತಿ? ಗೋಣಿಚೀಲ ತರ್ರಿ."

ಗಿರಣಿಯಿಂದ ಗೋಣಿಚೀಲ ಬಂದವು. ಬಿಚ್ಚಿ, ನೀರಿನಲ್ಲಿ ಅದ್ದಿ, ಈ ಕಡೆ ಒಬ್ಬಳು ಆ ಕಡೆ ಒಬ್ಬಳು ಅಂಚು ಹಿಡಿದೆವು. ಪಟ್ಟಿಯ ಮೇಲೆ ಕಾಲಿಡದೆ, ಎರಡೂ ಬದಿಗೆ ನಿಂತು, ಒಂದೇ ಹೆಜ್ಜೆಯಲ್ಲಿ ನೆಟ್ಟಗೆ ಎಳೆಯಬೇಕು. ನಡುವೆ ನಿಂತರೆ ಗೆರೆ ಬೀಳುತ್ತದೆ. ಮೊದಲ ಸಲ ಗೆರೆ ಬಿತ್ತು, ಮತ್ತೆ ಎಳೆದೆವು. ಎಷ್ಟು ಸಲವೋ. ದೀಪ ಹಚ್ಚುವ ಹೊತ್ತಿಗೆ ಇವರು ಮತ್ತೆ ಬೋರಲಾಗಿ ಮಲಗಿ ನೋಡಿ, ಸಾಕು ಎಂದರು. ಅಂದು ಸಂಜೆ ನಾನು ದೇವರ ಮುಂದೆ ನೆನೆದದ್ದು ಒಂದೇ. ಇವರು ಐದಕ್ಕೆ ಬಂದರು, ಆರಕ್ಕೆ ಬರಲಿಲ್ಲ. ಒಂದು ತಾಸು ತಡವಾಗಿದ್ದರೆ ಆ ಏರುಗಳು ಕಲ್ಲಾಗುತ್ತಿದ್ದವು.

ಶನಿವಾರ ಇವರು ಗಿರಣಿ ತೆರೆಯಲಿಲ್ಲ. ಹೆಬ್ಬೆರಳಿಗೆ ಅಂಟಬಾರದು, ಉಗುರಿಗೆ ಇಳಿಯಬೇಕು, ಆ ಹದಕ್ಕೆ ಕಾಯುತ್ತಾ ಕುಳಿತರು. ಹತ್ತೂವರೆಗೆ ಹದ ಬಂತು. ರೋಲರ್ ಎಳೆದರು. ಸಂಜೆ ನಾವೆಲ್ಲ ಹೋಗಿ ನೋಡಿದೆವು. ಒಂದು ಕೂದಲೆಳೆ ಬಿರುಕಿಲ್ಲ. ಬೂದಿ ಮೆತ್ತಿದ ಹಸಿರಿನ ಬಣ್ಣ, ಬರೆಯುವ ಪಾಟಿಯ ಹಾಗೆ ನಯ. ದೊಡವಾಡದ ಕಣದ ವಾಸನೆ ಬೈಲಹೊಂಗಲದ ಬಯಲಿನಲ್ಲಿ ನಿಂತಿತ್ತು. ಅದೇ ಮಣ್ಣು, ಅದೇ ಬಿಸಿಲು, ಅದೇ ಬಾವಿಯ ನೀರು. ಶಿವಾ, ನಿನ್ನ ಕೈಗೆ ಹತ್ತುವ ಮಣ್ಣು ನಮ್ಮ ಕೈಯ ಮಾತನ್ನೂ ಒಂದು ದಿನ ಕೇಳಿತಲ್ಲಾ ಎಂದುಕೊಂಡೆ.

ಭಾನುವಾರ ಬೆಳಗ್ಗೆ ಒಂದು ತೊಡಕು ಬಂತು, ಅದೂ ನಮ್ಮಿಂದಲೇ. ಕಣ ಮಾಡಿದ ಮೇಲೆ ಪೂಜೆ ಆಗಬೇಕು, ಪೂಜೆ ಆದ ಮೇಲೆ ಅದರ ಮೇಲೆ ಯಾರೂ ಚಪ್ಪಲಿ ಕಾಲಿಡಬಾರದು. ಇದು ಅವ್ವನಿಗೆ ಹೇಳಿಕೊಡಬೇಕಾದ ಮಾತಲ್ಲ. ಏಳು ಗಂಟೆಗೇ ಹೋಗಿ, ಎರಡೂ ಕಡೆ ನೆಟ್ಟಿದ್ದ ಮೂರು ಮೂರು ಗೂಟಗಳನ್ನೇ ಮೇಟಿ ಎಂದು ತಿಳಿದು ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದು ಬಂದು ಬೇಲಿಯ ಹತ್ತಿರ ಕುಳಿತಿದ್ದಳು. ಎರಡೂ ಕ್ಲಬ್ಬಿನವರು ಬೂಟು ಹಾಕಿಕೊಂಡು ಬಂದರು. ಅವ್ವ ಕೈ ಅಡ್ಡ ಇಟ್ಟಳು.

ಅಂಪೈರ್ ಆಗಿ ಬಂದವರು ಕಿತ್ತೂರಿನ ನಿವೃತ್ತ ಡ್ರಿಲ್ ಮಾಸ್ತರರು. ನಗು ಗೊತ್ತಿಲ್ಲದ ಮುಖ. ಇವರು ನಾಚಿಕೆಯಿಂದ ನೆಲ ನೋಡುತ್ತಾ ನಡೆದದ್ದನ್ನೆಲ್ಲ ಹೇಳಿದರು. ಮಾಸ್ತರರು ಪೂರ್ತಿ ಕೇಳಿಸಿಕೊಂಡು, ಪಿಚ್ಚಿನ ತುದಿಗೆ ಹೋಗಿ ಕುಳಿತು, ಚೆಂಡನ್ನು ಕೈಯಿಂದ ಮೆಲ್ಲಗೆ ಉರುಳಿಸಿದರು. ಅದು ಎಡಕ್ಕೂ ವಾಲದೆ ಬಲಕ್ಕೂ ವಾಲದೆ, ಸದ್ದಿಲ್ಲದೆ, ಯಾರೋ ದಾರ ಹಿಡಿದು ಎಳೆದಂತೆ ಆ ತುದಿಯವರೆಗೆ ಹೋಗಿ ಗೂಟಕ್ಕೆ ತಾಗಿ ನಿಂತಿತು. ಮಾಸ್ತರರು ಎದ್ದು ಮೊದಲು ತಮ್ಮ ಬೂಟು ಬಿಚ್ಚಿದರು.

ಆಮೇಲೆ ಅವ್ವನ ಜೊತೆ ಮಾತಾಯಿತು. ಮೊಳೆಯ ಬೂಟು ಯಾರೂ ಹಾಕಬಾರದು. ಕ್ಯಾನ್ವಾಸ್ ಬೂಟು ನಡೆಯುತ್ತದೆ, ಆದರೆ ಅಟ್ಟೆ ತೊಳೆದುಕೊಂಡು ಬರಬೇಕು. ಬೈಲಹೊಂಗಲದವರೂ ಸವದತ್ತಿಯವರೂ ನಳದ ಮುಂದೆ ಪಾಳಿ ಹಚ್ಚಿ ನಿಂತು, ಒಬ್ಬರ ಹೆಗಲು ಒಬ್ಬರು ಹಿಡಿದು, ಒಂದೊಂದೇ ಕಾಲೆತ್ತಿ ಬೂಟಿನ ಅಡಿ ತೊಳೆದರು. ನಮ್ಮ ವೇಗದ ಬೌಲರ್ ಮಾತ್ರ ಬರಿಗಾಲಿನಲ್ಲೇ ಆಡುತ್ತೇನೆ ಎಂದ. ಹೋದ ವರ್ಷ ಆ ಚೆಂಡನ್ನು ಎಸೆದವನು ಅವನೇ.

ಬೇವಿನ ಗಿಡದ ನೆರಳಿನಲ್ಲಿ ಒಬ್ಬರೇ ಕುಳಿತಿದ್ದ ಹೆಂಗಸನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕಣ್ಣು ಪಿಚ್ಚಿನ ಮೇಲೆ. ನಾನು ಒಂದು ತಂಬಿಗೆ ಮಜ್ಜಿಗೆ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ.

"ಗಿರಣಿಯವರ ಮನಿಯಾರೇನ್ರಿ?" ಎಂದು ಕೇಳಿದರು.

ಹೌದೆಂದೆ. ಮಜ್ಜಿಗೆ ತೆಗೆದುಕೊಂಡರು, ಕುಡಿಯಲಿಲ್ಲ. ಕೈಯಲ್ಲೇ ಹಿಡಿದು ಕುಳಿತರು.

ಇಬ್ಬರು ಔಟಾದ ಮೇಲೆ ಅವನು ಬಂದ. ಸಪೂರ ಹುಡುಗ. ತಲೆಗೆ ಹೆಲ್ಮೆಟ್ಟಿತ್ತು, ಜಾಲರಿಯ ಒಳಗೆ ಎಡಗಣ್ಣಿನ ಕೆಳಗಿನ ಕಲೆ ಅಷ್ಟು ದೂರಕ್ಕೂ ಕಂಡ ಹಾಗಾಯಿತು ನನಗೆ. ಬಗ್ಗಿ ನೆಲ ಮುಟ್ಟಿ ಎದೆಗೆ ಹಚ್ಚಿಕೊಂಡು ನಿಂತ. ಆಚೆ ತುದಿಯಲ್ಲಿ ಚೆಂಡು ನಮ್ಮ ಬರಿಗಾಲಿನವನ ಕೈಯಲ್ಲಿತ್ತು. ನಾನು ಇವರನ್ನು ಹುಡುಕಿದೆ. ರೋಲರಿನ ಹಿಂದೆ, ಆಟಕ್ಕೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕುಳಿತಿದ್ದರು.

ಬೌಲರ್ ಓಡಿ ಬಂದ. ಆಟ ತಿಳಿಯದ ನನಗೂ ಚೆಂಡು ಪಿಚ್ಚಿನ ನಡುವಿಗಿಂತ ಈಚೆ ಬಿದ್ದದ್ದು ಕಂಡಿತು. ಹೋದ ವರ್ಷವೂ ಅಲ್ಲೇ ಬಿದ್ದಿತ್ತಂತೆ, ಆಮೇಲೆ ಹೇಳಿದರು. ಪಕ್ಕದಲ್ಲಿ ಆ ತಾಯಿಯ ಕೈ ನನ್ನ ಮೊಣಕೈ ಹಿಡಿಯಿತು. ಯಾರದು ಎಂದು ನೋಡಿ ಹಿಡಿದದ್ದಲ್ಲ. ನಾನು ಶಿವಾ ಎಂದೆ, ಆ ಒಂದು ಮಾತು ಮುಗಿಯುವುದರೊಳಗೆ ಎಲ್ಲಾ ಆಯಿತು. ಚೆಂಡು ನೆಲ ಮುಟ್ಟಿ ಎದ್ದಿತು. ಹೊಟ್ಟೆಯವರೆಗೆ ಎದ್ದಿತು, ಅದಕ್ಕಿಂತ ಮೇಲೆ ಒಂದು ಬೆರಳೂ ಇಲ್ಲ. ಹುಡುಗ ಮೈ ಒಂದಿಷ್ಟು ಹಿಂದೆ ತೆಗೆದು ದಾರಿ ಬಿಟ್ಟ. ಹಿಂದೆ ನಿಂತವನ ಕೈಗವಸಿನಲ್ಲಿ ಅದು ಟಪ್ಪೆಂದು ಕುಳಿತ ಸಪ್ಪಳ ನಮ್ಮ ಗಿಡದವರೆಗೆ ಕೇಳಿತು.

ಬೌಲರ್ ನಡುವೆಯೇ ನಿಂತು ಹುಡುಗನನ್ನು ನೋಡಿದ. ಹುಡುಗ ತಲೆ ಆಡಿಸಿದ. ಅಷ್ಟೇ. ಬೌಲರ್ ತಿರುಗಿ ನಡೆದ.

ಮುಂದೆ ಸುಮಾರು ಒಂದು ತಾಸು ನಾನು ಕಂಡದ್ದನ್ನು ಹೇಗೆ ಹೇಳಲಿ? ಮೂವತ್ತು ವರ್ಷದಿಂದ ನೆಲ ಸಾರಿಸುತ್ತಿದ್ದೇನೆ. ಸಾರಿಸಿದ ಮೇಲೆ ಅದರ ಮೇಲೆ ಕುಳಿತು ಊಟ ಮಾಡಿದ್ದೇವೆ, ಮಲಗಿದ್ದೇವೆ. ನೆಲಕ್ಕೆ ಇನ್ನೊಂದು ಕೆಲಸ ಇದೆ ಎಂದು ತಿಳಿದಿರಲಿಲ್ಲ. ಎಸೆದವನು ಎಷ್ಟು ಜೋರು ಕೊಟ್ಟನೋ ಅಷ್ಟನ್ನೇ ಅದು ಮುಂದೆ ದಾಟಿಸಿತು. ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ, ಯಾರ ಊರು ಎಂದು ನೋಡಲಿಲ್ಲ. ಹುಡುಗ ಆ ನೆಲವನ್ನು ನಂಬಿದ್ದು ನನಗೆ ಕಣ್ಣಾರೆ ಕಂಡಿತು. ಮೊದಮೊದಲು ಹಿಂದೆ ಹಿಂದೆ ಸರಿಯುತ್ತಿದ್ದ ಎಡಗಾಲು, ಬರಬರುತ್ತಾ ಮುಂದೆ ಬಂದು ನೆಟ್ಟಗೆ ಊರಿತು. ಒಂದು ಸಲ ಚೆಂಡು ನೆಲಕ್ಕಂಟಿ ನಮ್ಮ ಗಿಡದ ಬುಡಕ್ಕೇ ಬಂದು ನಿಂತಿತು. ಅವನ ತಾಯಿ ಅದನ್ನು ಎತ್ತಿ, ಹಾವು ಹಿಡಿದವರ ಹಾಗೆ ದೂರ ಹಿಡಿದು ನೋಡಿ, ಓಡಿ ಬಂದವನ ಕೈಗೆ ಕೊಟ್ಟರು. ಇಷ್ಟು ಗಟ್ಟಿ ಇರುತ್ತದೆಯೇ ಎಂದು ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ. ನಾನೂ ಮುಟ್ಟಿ ನೋಡಿದ್ದರೆ ಆಗುತ್ತಿತ್ತು.

ಕೊನೆಗೆ ಬರಿಗಾಲಿನವನ ಒಂದು ಚೆಂಡು ಅವನ ಬ್ಯಾಟಿನ ಪಕ್ಕದಿಂದ ನುಸುಳಿ, ಅವ್ವ ಕುಂಕುಮ ಹಚ್ಚಿದ ನಡುವಿನ ಗೂಟವನ್ನು ಕೆಡವಿತು. ನಮ್ಮವರು ಕುಣಿದರು. ಹುಡುಗ ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ನಡೆದ.

"ಏನಾತ್ರಿ?" ಎಂದರು ಅವನ ತಾಯಿ, ಗಾಬರಿಯಿಂದ.

"ಔಟಾದ್ರಿ. ಅಂವಂದು ಮುಗೀತು."

"ಮತ್ತೆ ಹೋಗಂಗಿಲ್ಲೇನ್ರಿ ಅಲ್ಲೆ?"

"ಇವತ್ತ ಇನ್ನ ಇಲ್ಲ್ರಿ."

ಅಷ್ಟೂ ಹೊತ್ತು ಕೈಯಲ್ಲಿದ್ದ ಮಜ್ಜಿಗೆಯನ್ನು ಅವರು ಆಗ ಒಂದೇ ಗುಟುಕಿಗೆ ಕುಡಿದರು. ಬೆಚ್ಚಗಾಗಿದ್ದೀತು, ಇನ್ನೊಂದು ಕೊಡಲೇ ಎಂದೆ. ಕೊಡಿ ಎಂದರು.

ಪಂದ್ಯ ನಾವು ಸೋತೆವು. ಅದರ ವಿವರ ನನಗೆ ನೆನಪಿಲ್ಲ. ಎಲ್ಲರೂ ಗುಂಪು ಗುಂಪಾಗಿ ಚಹಾ ಕುಡಿಯುತ್ತಿದ್ದಾಗ ಆ ತಾಯಿ ಎದ್ದು, ಚಪ್ಪಲಿ ಗಿಡದ ಬುಡದಲ್ಲೇ ಬಿಟ್ಟು, ಮೈದಾನದ ನಡುವೆ ನಡೆದರು. ಇವರು ಅಲ್ಲಿ ಕುಳಿತು ಚೆಂಡು ಬಿದ್ದ ಗುರುತುಗಳ ಮೇಲೆ ಕೈಯಾಡಿಸುತ್ತಿದ್ದರು. ನಾನು ದೂರ ನಿಲ್ಲಬೇಕೆಂದುಕೊಂಡೆ, ಕಾಲು ಕೇಳಲಿಲ್ಲ. ಹಿಂದೆ ಹೋದೆ.

ಹೋದ ವರ್ಷ ಚೆಂಡು ಬಿದ್ದದ್ದು ಎಲ್ಲಿ ಎಂದು ಅವರು ಕೇಳಿದರು. ಇವರು ಎದ್ದು ನಿಂತು, ಎರಡು ಹೆಜ್ಜೆ ನಡೆದು, ಬೆರಳಿನಿಂದ ತೋರಿಸಿದರು. ಹುಡುಕಬೇಕಾಗಲಿಲ್ಲ. ಆ ತಾಯಿ ಬರಿಗಾಲಿನಿಂದ ಆ ಜಾಗ ಮುಟ್ಟಿ, ಹಿಮ್ಮಡಿ ಒತ್ತಿ, ಇನ್ನೊಮ್ಮೆ ಒತ್ತಿ ನೋಡಿದರು. ಸುಗ್ಗಿಯ ಹೆಣ್ಣುಮಗಳು ಕಣ ನೋಡುವ ರೀತಿ ಅದು. ಬಗ್ಗಿ ಒಂದು ಪುಡಿ ಎತ್ತಿ ಮೂಸಿದರು.

"ಹುತ್ತದ ಮಣ್ಣ ಹಾಕೀರಿ," ಎಂದರು.

ಇವರು ತಲೆಯಾಡಿಸಿದರು.

ಆ ತಾಯಿ ಕೈಯ ಪುಡಿ ಉದುರಿಸಿದರು. ಆಮೇಲೆ ಇವರ ಮುಖ ನೋಡಿ ಹೇಳಿದರು. "ಅಣ್ಣಾರ, ನಮ್ಮೂರಾಗೂ ಹಿಂಗ ಒಂದು ಐತ್ರಿ, ಹಳ್ಳದ ದಂಡಿಗೆ. ದಿನಾ ಸಂಜೀಕ ಅಲ್ಲೇ ಆಡ್ತಾನಾಂವ. ಅದೂ ಒಡದೈತಿ. ಬಂದು ನೋಡ್ತೀರೇನು?"

ಇವರು ನನ್ನ ಕಡೆ ನೋಡಿದರು, ಮಣ್ಣಾದ ತಮ್ಮ ಕೈ ನೋಡಿಕೊಂಡರು. "ನಾಳೆ ಬರ್ತೇನಿ," ಎಂದರು.

"ನಾಳೆ ಗಿರಣಿ ಇಲ್ಲೇನ್ರಿ?" ಎಂದು ಅವರು ಕೇಳಿದರು.

"ಮಧ್ಯಾಹ್ನದ ಬಸ್ಸಿಗೆ ಬರ್ತೇನಿ."

ಬರುವಾಗ ಊಟ ಮಾಡದೆ ಬನ್ನಿ ಎಂದರು ಆ ತಾಯಿ. ಅಷ್ಟರಲ್ಲಿ ಅವ್ವ ಬೇಲಿಯ ಕಡೆಯಿಂದ ಬಂದು, ನಿಮ್ಮ ಓಣಿಯಲ್ಲಿ ಆಕಳು ಎಷ್ಟು ಮನೆಯವರು ಕಟ್ಟಿದ್ದಾರೆ ಎಂದು ವಿಚಾರಿಸಲು ಹತ್ತಿದಳು. ಸಾರಿಸುವವರು ಕನಿಷ್ಠ ಆರು ಮಂದಿ ಬೇಕು, ಗೋಣಿಚೀಲ ನಾವೇ ತರುತ್ತೇವೆ ಎಂದು ನಾನು ಹೇಳಿದೆ.